ಚರಂಡಿ ಎಂಜಿನಿಯರ್ ಆರ್ಟ್ ಕಾರ್ನಿ

ಚಿಕ್ಕವರಿದ್ದಾಗ ಯೋಗಿ ಬೇರ್ ನೋಡಿದ್ದೀರಾ? ತಲೆ ಮೇಲೆ ಟೋಪಿ, ಕತ್ತಿಗೆ ಟೈ, ಪಾರ್ಕಿಗೆ ಬಂದವರ ಪಿಕ್‌ನಿಕ್ ಬುಟ್ಟಿ ಕದಿಯೋ ಕರಡಿ. ಅದು ಬೇಡ, ಫ್ಲಿಂಟ್‌ಸ್ಟೋನ್ಸ್‌ನ ಪಕ್ಕದ ಮನೆ ಬಾರ್ನಿ? ಇಬ್ಬರಲ್ಲಿ ಒಬ್ಬರಾದರೂ ನೆನಪಿದ್ದರೆ ಆರ್ಟ್ ಕಾರ್ನಿ ನಿಮಗೆ ಆಗಲೇ ಅರ್ಧ ಗೊತ್ತು. ಆ ಕಾರ್ಟೂನುಗಳ ಹಿಂದೆ ಇರೋದು ಎಡ್ ನಾರ್ಟನ್ ಅನ್ನೋ ಒಂದು ಟೀವಿ ಪಾತ್ರ. 1950ರ ದಶಕದಲ್ಲಿ ಅಮೆರಿಕದ ಟೀವಿಯಲ್ಲಿ ಆ ನಾರ್ಟನ್ ಆಗಿದ್ದವನು ಕಾರ್ನಿ.

ನಾರ್ಟನ್‌ಗೆ ನ್ಯೂಯಾರ್ಕಿನ ಚರಂಡಿಯೊಳಗೆ ಕೆಲಸ. ಆದರೆ ಯಾರಾದರೂ ಏನು ಕೆಲಸ ಅಂತ ಕೇಳಿದರೆ ಚರಂಡಿ ಅನ್ನೋ ಮಾತೇ ಎತ್ತಲ್ಲ, ನೆಲದಡಿಯ ನೈರ್ಮಲ್ಯದ ಎಂಜಿನಿಯರ್ ಅಂತ ಗತ್ತಿನಿಂದ ಪರಿಚಯ ಮಾಡಿಕೊಳ್ತಾನೆ. (ಸಿವಿಲ್ ಬ್ರಾಂಚಿನ ಗೆಳೆಯರು ಸಿಟ್ಟಾಗಬಾರದು.) ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಂದ. ಆಮೇಲೆ ಆ ಪಾತ್ರ ಮಾಡಿದ ಮನುಷ್ಯನ ಬಗ್ಗೆ ಓದ್ತಾ ಹೋದೆ. ಪರದೆ ಮೇಲೆ ಅಷ್ಟು ನಗಿಸಿದವನು ಪರದೆ ಹಿಂದೆ ಎಷ್ಟೊಂದು ಮುಚ್ಚಿಟ್ಟುಕೊಂಡು ಬದುಕಿದ್ದ ಅಂತ ಗೊತ್ತಾಯ್ತು.

ಕಾರ್ನಿ ಹುಟ್ಟಿದ್ದು 1918ರ ನವೆಂಬರ್ 4ರಂದು, ನ್ಯೂಯಾರ್ಕ್ ನಗರದ ಪಕ್ಕದ ಮೌಂಟ್ ವರ್ನನ್ ಅನ್ನೋ ಊರಲ್ಲಿ. ಐರಿಷ್ ಮೂಲದ ಕುಟುಂಬ, ಆರು ಗಂಡುಮಕ್ಕಳಲ್ಲಿ ಇವನೇ ಕೊನೆಯವನು. ಓದಿನಲ್ಲಿ ಅಂಥ ಆಸಕ್ತಿ ಏನಿರಲಿಲ್ಲ. ಆದರೆ ಕಿವಿ ಮಾತ್ರ ತುಂಬಾ ಚುರುಕು. ಯಾರ ದನಿಯನ್ನಾದರೂ ನಾಲ್ಕು ಸಲ ಕೇಳಿದರೆ ಸಾಕು, ಹಾಗೇ ಮಾತಾಡಿ ತೋರಿಸ್ತಿದ್ದ. ಪಿಯಾನೋ ಕೂಡ ಹಾಗೇ ಕಿವಿಯಿಂದಲೇ ಕಲಿತದ್ದು. ನಟನೆಯ ಶಾಲೆಗೆ ಹೋದವನಲ್ಲ. ಹೈಸ್ಕೂಲು ಮುಗಿಸಿ ಒಡವೆ ಅಂಗಡಿಯಲ್ಲಿ ಸ್ವಲ್ಪ ದಿನ ಕೆಲಸ ಮಾಡಿ, ಹೋರೇಸ್ ಹೀಟ್ ಅನ್ನೋನ ಬ್ಯಾಂಡ್ ಜೊತೆ ಊರೂರು ಸುತ್ತೋಕೆ ಹೊರಟ. ಅಲ್ಲಿ ಅವನ ಕೆಲಸ ಮಿಮಿಕ್ರಿ, ಒಂದಿಷ್ಟು ಹಾಡು, ಒಂದಿಷ್ಟು ತಮಾಷೆ.

ಮಿಮಿಕ್ರಿ ಅವನನ್ನ ರೇಡಿಯೋಗೆ ಕರೆದುಕೊಂಡು ಹೋಯ್ತು. ಆಗಿನ ರೇಡಿಯೋ ಸುದ್ದಿ ಕಾರ್ಯಕ್ರಮಗಳಲ್ಲಿ ವಾರದ ಘಟನೆಗಳನ್ನ ನಾಟಕ ಮಾಡಿ ತೋರಿಸೋ ಪದ್ಧತಿ ಇತ್ತು, ನಾಯಕರ ಮಾತುಗಳನ್ನ ನಟರು ಆಡ್ತಿದ್ರು. ಕಾರ್ನಿ ಅಧ್ಯಕ್ಷ ರೂಸ್‌ವೆಲ್ಟ್ ದನಿ ಮಾಡ್ತಿದ್ದ, ಚರ್ಚಿಲ್ ದನಿಯನ್ನೂ ಮಾಡ್ತಿದ್ದ. ಇಪ್ಪತ್ತಮೂರು ಇಪ್ಪತ್ನಾಲ್ಕು ವರ್ಷದ ಹುಡುಗ, ನಮಗಿಂತ ನಾಲ್ಕೈದು ವರ್ಷ ದೊಡ್ಡವನು, ದೇಶದ ಅಧ್ಯಕ್ಷನ ದನಿಯಲ್ಲಿ ಮಾತಾಡಿ ಸಂಬಳ ತಗೋತಿದ್ದ. ಆದರೆ ಸ್ವಂತ ದನಿಯಲ್ಲಿ ನಾಲ್ಕು ಜನರ ಮುಂದೆ ಮಾತಾಡು ಅಂದರೆ ಮುದುಡಿ ಹೋಗ್ತಿದ್ದನಂತೆ. ಈ ನಾಚಿಕೆ ಕೊನೆವರೆಗೂ ಹೋಗಲಿಲ್ಲ.

ಅಷ್ಟರಲ್ಲಿ ಎರಡನೇ ಮಹಾಯುದ್ಧ. ಕಾರ್ನಿಯನ್ನ ಸೈನ್ಯಕ್ಕೆ ಸೇರಿಸಿಕೊಂಡು 1944ರಲ್ಲಿ ಫ್ರಾನ್ಸಿನ ನಾರ್ಮಂಡಿಗೆ ಕಳಿಸಿದರು. ಅಲ್ಲಿ ಸೇನ್ ಲೋ ಅನ್ನೋ ಊರಿನ ಹತ್ತಿರ ಶೆಲ್ ಸಿಡಿದು ಚೂರುಗಳು ಬಲಗಾಲಿಗೆ ನುಗ್ಗಿದವು. ತಿಂಗಳುಗಟ್ಟಲೆ ಆಸ್ಪತ್ರೆ. ಕಾಲು ಉಳೀತು, ಆದರೆ ಇನ್ನೊಂದಕ್ಕಿಂತ ಮುಕ್ಕಾಲು ಇಂಚು ಗಿಡ್ಡವಾಯ್ತು. ಮುಕ್ಕಾಲು ಇಂಚು ಅಂದರೆ ಸುಮಾರು 19 ಮಿಲಿಮೀಟರ್. ಕಾಗದದ ಮೇಲೆ ಬಹಳ ಸಣ್ಣ ಸಂಖ್ಯೆ. ಒಂದೇ ಕಾಲಿಗೆ ದಪ್ಪ ಅಟ್ಟೆಯ ಚಪ್ಪಲಿ ಹಾಕಿಕೊಂಡು ಹಾಸ್ಟೆಲ್ಲಿಂದ ಮೆಸ್ಸಿನವರೆಗೆ ನಡೆದು ನೋಡಿ, ಗೊತ್ತಾಗುತ್ತೆ. ಕಾರ್ನಿ ಜೀವನಪೂರ್ತಿ ಕುಂಟಿದ. ಅದಕ್ಕಿಂತ ದೊಡ್ಡ ವಿಷಯ ಏನಂದರೆ, ಮುಂದಿನ ಮೂವತ್ತು ವರ್ಷ ಆ ಕುಂಟು ಯಾರಿಗೂ ಕಾಣದ ಹಾಗೆ ನಡೆಯೋದನ್ನ ಕಲಿತ.

ಯುದ್ಧ ಮುಗಿದ ಮೇಲೆ ಮತ್ತೆ ರೇಡಿಯೋ, ಆಮೇಲೆ ಆಗಷ್ಟೇ ಕಣ್ಣು ಬಿಡ್ತಿದ್ದ ಟೀವಿ. ಮೋರಿ ಆಮ್ಸ್‌ಟರ್‌ಡ್ಯಾಮ್ ಶೋನಲ್ಲಿ ಚಾರ್ಲಿ ಅನ್ನೋ ಬಾಗಿಲು ಕಾಯೋನ ಪಾತ್ರ. ಆ ಕಾಲದ ಅವನ ಪಾತ್ರಗಳೆಲ್ಲ ಹೀಗೇ, ಮುಖ್ಯ ನಟನ ಪಕ್ಕದಲ್ಲಿ ನಿಂತು ಅವನ ಜೋಕಿಗೆ ಅಡಿಪಾಯ ಹಾಕಿಕೊಡೋದು. 1950ರಲ್ಲಿ ಡುಮಾಂಟ್ ಅನ್ನೋ ಟೀವಿ ನೆಟ್‌ವರ್ಕಿನಲ್ಲಿ ಜಾಕಿ ಗ್ಲೀಸನ್ ಅನ್ನೋ ಹೊಸ ನಿರೂಪಕ ಬಂದ. ಗ್ಲೀಸನ್ ಎಲ್ಲದರಲ್ಲೂ ಜಾಸ್ತಿ. ದೇಹ ದೊಡ್ಡದು, ದನಿ ದೊಡ್ಡದು, ಖರ್ಚು ದೊಡ್ಡದು, ಅಹಂ ಎಲ್ಲಕ್ಕಿಂತ ದೊಡ್ಡದು. ಕಾರ್ನಿ ಅವನ ಸ್ಕಿಟ್ಟುಗಳಲ್ಲಿ ಪಕ್ಕದ ಪಾತ್ರ ಮಾಡೋಕೆ ಶುರು ಮಾಡಿದ. ಅದು ಹೇಗೋ ಕೂಡಿಬಂತು.

1951ರ ಅಕ್ಟೋಬರಿನಲ್ಲಿ ಅವರು ಒಂದು ಪುಟ್ಟ ಸ್ಕಿಟ್ ಮಾಡಿದರು. ಬ್ರೂಕ್ಲಿನ್ನಿನ ಬಡ ಫ್ಲ್ಯಾಟಿನಲ್ಲಿರೋ ರಾಲ್ಫ್ ಅನ್ನೋ ಬಸ್ ಡ್ರೈವರ್, ಅವನ ಹೆಂಡತಿ ಆಲಿಸ್, ಇಬ್ಬರ ಜಗಳ. ಅದರ ಹೆಸರು ದಿ ಹನಿಮೂನರ್ಸ್. ಆ ಮೊದಲ ಸ್ಕಿಟ್ಟಿನಲ್ಲಿ ಕಾರ್ನಿ ಇದ್ದದ್ದು ಪೊಲೀಸಿನವನಾಗಿ. ಜಗಳದಲ್ಲಿ ಕಿಟಕಿಯಿಂದ ಆಚೆ ಹೋದ ಹಿಟ್ಟು ಕೆಳಗಿದ್ದ ಅವನ ಮೈಮೇಲೆ ಬಿದ್ದು, ಮೈಯೆಲ್ಲ ಬಿಳಿ ಮಾಡಿಕೊಂಡು ಬಾಗಿಲಲ್ಲಿ ಬಂದು ನಿಲ್ತಾನೆ. ಅಷ್ಟೇ ಪಾತ್ರ. ಆದರೆ ಬೇಗನೇ ಮಹಡಿ ಮೇಲಿನ ಮನೆಯ ಗೆಳೆಯನಾಗಿ ವಾಪಸ್ ಬಂದ, ಆ ಗೆಳೆಯನೇ ಎಡ್ ನಾರ್ಟನ್. ನಾರ್ಟನ್ ವೇಷ ಬನಿಯನ್ನು, ಮೇಲೆ ಗುಂಡಿ ಹಾಕದ ವೇಸ್ಟ್‌ಕೋಟು, ತಲೆಯಲ್ಲಿ ಜಜ್ಜಿ ಹೋದ ಫೆಲ್ಟ್ ಟೋಪಿ. ಆ ಟೋಪಿ ಕಾಸ್ಟ್ಯೂಮ್ ವಿಭಾಗದ್ದಲ್ಲ, ಕಾರ್ನಿ ಹೈಸ್ಕೂಲು ಹುಡುಗನಾಗಿದ್ದಾಗ ತಗೊಂಡ ಸ್ವಂತ ಟೋಪಿ.

ಗ್ಲೀಸನ್ 1952ರಲ್ಲಿ ಸಿಬಿಎಸ್ ನೆಟ್‌ವರ್ಕಿಗೆ ಹೋದಾಗ ಕಾರ್ನಿಯೂ ಹೋದ. 1955ರಲ್ಲಿ ಹನಿಮೂನರ್ಸ್ ಸ್ಕಿಟ್ ಆಗಿದ್ದದ್ದು ಸ್ವತಂತ್ರ ಅರ್ಧ ಗಂಟೆಯ ಧಾರಾವಾಹಿ ಆಯ್ತು. ಒಂದೇ ವರ್ಷ, 39 ಕಂತು. ಇವತ್ತು ನಾವು ಅದನ್ನ ಯಾಕೆ ನೋಡೋಕೆ ಸಾಧ್ಯ ಅನ್ನೋದರಲ್ಲಿ ಒಂದು ಒಳ್ಳೆ ಎಂಜಿನಿಯರಿಂಗ್ ಕಥೆ ಇದೆ. ಈ ಮ್ಯಾಗಜೀನಿನಲ್ಲಿ ಅದನ್ನ ಹೇಳದೆ ಇನ್ನೆಲ್ಲಿ ಹೇಳಲಿ?

ಆಗ ಟೀವಿ ಅಂದರೆ ಲೈವ್. ರೆಕಾರ್ಡ್ ಬೇಕು ಅಂದರೆ ಒಂದು ಮಾನಿಟರ್ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಪರದೆಯನ್ನೇ ಶೂಟ್ ಮಾಡ್ತಿದ್ರು, ಅದರ ಹೆಸರು ಕಿನೆಸ್ಕೋಪ್. ಸಿನಿಮಾ ಹಾಲಲ್ಲಿ ಕೂತು ಫೋನಿನಲ್ಲಿ ಪರದೆ ರೆಕಾರ್ಡ್ ಮಾಡ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಚಿತ್ರ ಮಸುಕು, ಅಂಚುಗಳೆಲ್ಲ ಮಂಕು. ಇದಕ್ಕೆ ಡುಮಾಂಟ್‌ನವರು ಎಲೆಕ್ಟ್ರಾನಿಕ್ಯಾಮ್ ಅನ್ನೋ ಕ್ಯಾಮೆರಾ ಕಂಡುಹಿಡಿದರು. ಒಂದೇ ಲೆನ್ಸ್, ಅದರ ಹಿಂದೆ ಬೆಳಕನ್ನ ಎರಡು ಪಾಲು ಮಾಡೋ ಬೀಮ್ ಸ್ಪ್ಲಿಟರ್. ಒಂದು ಪಾಲು 35 ಎಂಎಂ ಫಿಲ್ಮಿಗೆ, ಇನ್ನೊಂದು ಪಾಲು ಟೀವಿ ಕ್ಯಾಮೆರಾದ ಟ್ಯೂಬಿಗೆ. ನಿರ್ದೇಶಕ ಟೀವಿ ಚಿತ್ರ ನೋಡ್ತಾ ಯಾವ ಕ್ಯಾಮೆರಾ ಯಾವಾಗ ಅಂತ ಅಲ್ಲೇ ತೀರ್ಮಾನ ಮಾಡ್ತಿದ್ದ, ಆಮೇಲೆ ಅದನ್ನೇ ಆಧಾರವಾಗಿ ಇಟ್ಟುಕೊಂಡು ಫಿಲ್ಮನ್ನ ಎಡಿಟ್ ಮಾಡ್ತಿದ್ರು. ಪ್ರೇಕ್ಷಕರ ಮುಂದೆ ನಾಟಕದ ಹಾಗೆ ನಿಲ್ಲಿಸದೆ ಆಡಬಹುದು, ಕೊನೆಗೆ ಸಿನಿಮಾ ಗುಣಮಟ್ಟದ ಪ್ರಿಂಟೂ ಸಿಗುತ್ತೆ. ಎಷ್ಟು ಚೆನ್ನಾಗಿದೆ ಐಡಿಯಾ! ಪಾಪ, 1956ರಲ್ಲಿ ಆಂಪೆಕ್ಸ್ ಕಂಪನಿ ವಿಡಿಯೋಟೇಪ್ ಯಂತ್ರವನ್ನ ಜಗತ್ತಿಗೆ ತೋರಿಸಿತು, ಎಲೆಕ್ಟ್ರಾನಿಕ್ಯಾಮ್ ಕಥೆ ಅಲ್ಲಿಗೆ ಮುಗೀತು. ಆದರೆ ಅಷ್ಟರಲ್ಲಿ ಆ 39 ಕಂತು ಫಿಲ್ಮಿನ ಮೇಲೆ ಕೂತಾಗಿತ್ತು.

ಶೂಟಿಂಗ್ ನಡೀತಿದ್ದದ್ದು ನ್ಯೂಯಾರ್ಕಿನ ಅಡೆಲ್ಫಿ ಥಿಯೇಟರಿನಲ್ಲಿ, ಸುಮಾರು ಸಾವಿರ ಜನರ ಮುಂದೆ, ವಾರಕ್ಕೆ ಎರಡು ಕಂತು. ಗ್ಲೀಸನ್‌ಗೆ ರಿಹರ್ಸಲ್ ಅಂದರೆ ಆಗ್ತಿರಲಿಲ್ಲ, ಪದೇ ಪದೇ ಮಾಡಿದರೆ ತಾಜಾತನ ಹೋಗುತ್ತೆ ಅನ್ನೋದು ಅವನ ವಾದ. ಉಳಿದವರು ತಾವೇ ಅಭ್ಯಾಸ ಮಾಡಿಕೊಂಡು ಬರಬೇಕು. ವೇದಿಕೆ ಮೇಲೆ ಗ್ಲೀಸನ್ ಹೊಟ್ಟೆ ತಟ್ಟಿಕೊಂಡರೆ ಮಾತು ಮರೆತಿದ್ದಾನೆ ಅಂತ ಅರ್ಥ, ಬೇರೆಯವರು ಕಾಪಾಡಬೇಕು. ಗ್ರೂಪ್ ಪ್ರಾಜೆಕ್ಟಿನಲ್ಲಿ ಪ್ರೆಸೆಂಟೇಷನ್ ದಿನ ಮಾತ್ರ ಬಂದು ಎಲ್ಲರಿಗಿಂತ ಚೆನ್ನಾಗಿ ಮಾತಾಡಿ ಹೋಗೋ ಗೆಳೆಯ ಒಬ್ಬ ಇರ್ತಾನಲ್ಲ, ಗ್ಲೀಸನ್ ಅಂಥವನು. ಕಾರ್ನಿ ಸ್ಲೈಡು ಮಾಡೋನು.

ಆದರೆ ಆ 39 ಕಂತುಗಳಲ್ಲಿ ನಿಮ್ಮ ಕಣ್ಣು ಯಾರ ಮೇಲೆ ಹೋಗುತ್ತೆ ನೋಡಿ. ಕಾಗದದ ಮೇಲೆ ಒಂದು ಸಹಿ ಹಾಕಬೇಕು ಅಂದರೂ ನಾರ್ಟನ್ ಮೊದಲು ತೋಳು ಚಾಚ್ತಾನೆ, ಮಣಿಕಟ್ಟು ಕೊಡವ್ತಾನೆ, ಬೆರಳು ಬಿಡಿಸ್ತಾನೆ, ಪೆನ್ನು ಕಾಗದದ ಹತ್ತಿರ ತಂದು ಮತ್ತೆ ಮೇಲಕ್ಕೆ ಎತ್ತುತ್ತಾನೆ. ಪಕ್ಕದಲ್ಲಿ ರಾಲ್ಫ್ ಕೆಂಪಗಾಗ್ತಾ ಆಗ್ತಾ ಕೊನೆಗೆ ಕಿರುಚ್ತಾನೆ. ನಗು ಬರೋದು ಕಿರುಚಾಟದಲ್ಲಿ ಅನ್ನಿಸುತ್ತೆ, ಆದರೆ ಅದನ್ನ ಅಲ್ಲಿವರೆಗೆ ಎಳ್ಕೊಂಡು ಬಂದದ್ದು ಆ ಬೆರಳುಗಳು. ಒಂದು ಕಂತಿನಲ್ಲಿ ಇಬ್ಬರೂ ಪುಸ್ತಕ ನೋಡಿ ಗಾಲ್ಫ್ ಕಲೀತಾರೆ. ಆ ಆಟದಲ್ಲಿ ಹೊಡೆಯೋ ಮುಂಚೆ ಚೆಂಡಿಗೆ ಸರಿಯಾಗಿ ನಿಂತುಕೊಳ್ಳೋದಕ್ಕೆ ಬಾಲನ್ನ ಅಡ್ರೆಸ್ ಮಾಡೋದು ಅಂತಾರೆ. ಪುಸ್ತಕದಲ್ಲಿ ಅದೇ ಬರೆದಿದೆ. ನಾರ್ಟನ್ ತುಂಬಾ ಯೋಚನೆ ಮಾಡಿ, ಚೆಂಡಿನ ಕಡೆ ಬಗ್ಗಿ, ಅದನ್ನ ವಿನಯದಿಂದ ಮಾತಾಡಿಸ್ತಾನೆ. ಇನ್ನೊಂದರಲ್ಲಿ ರಾಲ್ಫ್‌ಗೆ ಹಕಲ್‌ಬಕ್ ಅನ್ನೋ ಡ್ಯಾನ್ಸ್ ಹೇಳಿಕೊಡ್ತಾನೆ. ಮೈಯೆಲ್ಲ ಸ್ಪ್ರಿಂಗು. ಮುಕ್ಕಾಲು ಇಂಚು ಗಿಡ್ಡ ಕಾಲಿನವನು ಕುಣಿಯೋದು ಅದು ಅಂತ ಗೊತ್ತಾದ ಮೇಲೆ ನಾನು ಆ ತುಣುಕನ್ನ ಮತ್ತೆ ಹಾಕಿ ಕಾಲನ್ನೇ ನೋಡಿದೆ. ಕಂಡುಹಿಡಿಯೋಕೆ ಆಗಲ್ಲ.

ನನಗೆ ಬಹಳ ಇಷ್ಟವಾದ ಕಂತಿನಲ್ಲಿ ವೇಷಭೂಷಣ ಸ್ಪರ್ಧೆ ಇದೆ. ರಾಲ್ಫ್ ಬಹುಮಾನದ ಆಸೆಗೆ ಮನೆಯಲ್ಲಿ ಸಿಕ್ಕ ಸಾಮಾನೆಲ್ಲ ಮೈಗೆ ಕಟ್ಟಿಕೊಂಡು ಅಂತರಿಕ್ಷದ ಮನುಷ್ಯ ಆಗ್ತಾನೆ. ನಾರ್ಟನ್ ಮೊದಲು ಹಾಕಿದ್ದು ಪ್ಯಾರಿಸ್ಸಿನ ಚರಂಡಿಗಳನ್ನ ಕಟ್ಟಿದನಂತೆ ಅನ್ನೋ ಒಬ್ಬ ಫ್ರೆಂಚ್ ಮಹನೀಯನ ವೇಷ, ತನ್ನ ವೃತ್ತಿಯ ಹಿರಿಯರಿಗೆ ಗೌರವ ಸಲ್ಲಿಸಬೇಕಲ್ಲ! ಮಧ್ಯದಲ್ಲಿ ಚರಂಡಿಯಲ್ಲಿ ಏನೋ ತುರ್ತು ಕೆಲಸ ಬಂದು ಡ್ಯೂಟಿ ಬಟ್ಟೆ, ಗ್ಯಾಸ್ ಮಾಸ್ಕು ಹಾಕಿಕೊಂಡು ಹೊರಡ್ತಾನೆ. ಹಾಗೇ ಸ್ಪರ್ಧೆ ಹಾಲಿಗೆ ಕಾಲಿಟ್ಟರೆ, ತೀರ್ಪುಗಾರರು ಅವನಿಗೇ ಮೊದಲ ಬಹುಮಾನ ಕೊಟ್ಟುಬಿಡ್ತಾರೆ, ಅಂತರಿಕ್ಷದ ಮನುಷ್ಯ ಅಂತ.

ಒಂದು ಮಾತು ಹೇಳಲೇಬೇಕು. ಹನಿಮೂನರ್ಸ್‌ನಲ್ಲಿ ಎಲ್ಲವೂ ಇವತ್ತಿಗೆ ಜೀರ್ಣ ಆಗಲ್ಲ. ರಾಲ್ಫ್ ಮಾತು ಮಾತಿಗೂ ಹೆಂಡತಿಗೆ ಮುಷ್ಟಿ ತೋರಿಸಿ ಹೊಡೀತೀನಿ ಅಂತಾನೆ. ಹೊಡೆಯಲ್ಲ ನಿಜ, ಆಲಿಸ್ ಹೆದರೋದೂ ಇಲ್ಲ, ಆಡ್ರೆ ಮೆಡೋಸ್ ಅನ್ನೋ ನಟಿ ಅವನನ್ನ ಒಂದೇ ನೋಟದಲ್ಲಿ ಕೂರಿಸ್ತಾಳೆ. ಆದರೂ ಪ್ರೇಕ್ಷಕರು ಅದಕ್ಕೆ ಗೊಳ್ಳಂತ ನಗೋದು ಕೇಳಿದಾಗ ಕಿರಿಕಿರಿ ಆಗುತ್ತೆ. ನಾರ್ಟನ್ ಭಾಗಗಳಿಗೆ ಈ ತೊಂದರೆ ಇಲ್ಲ. ಎಪ್ಪತ್ತು ವರ್ಷ ಹಳೆಯದು ಅನ್ನಿಸೋದೇ ಇಲ್ಲ.

ಪ್ರಶಸ್ತಿಗಳು ಬಂದವು. ಪೋಷಕ ನಟನ ವಿಭಾಗದಲ್ಲಿ ಎಮ್ಮಿ, ಒಂದರ ಹಿಂದೆ ಒಂದು ಮೂರು ವರ್ಷ. ವಿಚಿತ್ರ ಅಂದರೆ ಶೋ ಯಾರ ಹೆಸರಲ್ಲಿ ನಡೀತಿತ್ತೋ ಆ ಜಾಕಿ ಗ್ಲೀಸನ್‌ಗೆ ಜೀವಮಾನದಲ್ಲಿ ಒಂದು ಎಮ್ಮಿಯೂ ಬರಲಿಲ್ಲ. ಶೋ ಗೆದ್ದದ್ದರಲ್ಲಿ ದೊಡ್ಡ ಪಾಲು ಕಾರ್ನಿಯದು ಅಂತ ಗ್ಲೀಸನ್ ತಾನೇ ಒಪ್ಪಿಕೊಂಡಿದ್ದ. ಅವನ ಅಹಂ ಗೊತ್ತಿದ್ದವರಿಗೆ ಅದು ಸಣ್ಣ ಮಾತಲ್ಲ.

ಈಗ ಇನ್ನೊಂದು ಮುಖ. ಕಾರ್ನಿಗೆ ಕುಡಿತದ ಚಟ ಇತ್ತು. ಬ್ಯಾಂಡಿನ ಜೊತೆ ಊರೂರು ಅಲೆಯೋ ವಯಸ್ಸಿನಲ್ಲೇ ಅಂಟಿದ್ದು. ವೇದಿಕೆ ಮೇಲೆ ಗೊತ್ತಾಗ್ತಿರಲಿಲ್ಲ, ಕುಂಟು ಗೊತ್ತಾಗದ ಹಾಗೆ. ಎಲ್ಲರಿಗೂ ಅವನು ಮೆತ್ತಗಿನ, ಹೇಳಿದ ಟೈಮಿಗೆ ಬರೋ, ತೊಂದರೆ ಕೊಡದ ಮನುಷ್ಯ. 1960ರ ಕ್ರಿಸ್‌ಮಸ್ ಸಮಯದಲ್ಲಿ ಟ್ವೈಲೈಟ್ ಝೋನ್ ಧಾರಾವಾಹಿಯ ಒಂದು ಕಂತಿನಲ್ಲಿ ಅವನು ಹೆನ್ರಿ ಕಾರ್ವಿನ್ ಅನ್ನೋ ಪಾತ್ರ ಮಾಡಿದ. ಅಂಗಡಿಯಲ್ಲಿ ಸಾಂಟಾ ಕ್ಲಾಸ್ ವೇಷ ಹಾಕೋ ಕುಡುಕ, ಕೆಲಸ ಕಳಕೊಂಡು ಬೀದಿಗೆ ಬೀಳ್ತಾನೆ. ಖರ್ಚು ಉಳಿಸೋಕೆ ಅಂತ ಆ ಧಾರಾವಾಹಿಯ ಆರು ಕಂತುಗಳನ್ನ ಫಿಲ್ಮ್ ಬದಲು ವಿಡಿಯೋಟೇಪಿನಲ್ಲಿ ತೆಗೆದಿದ್ದರು, ಇದು ಅದರಲ್ಲೊಂದು. ಹಾಗಾಗಿ ಚಿತ್ರ ಸ್ವಲ್ಪ ಒರಟು. ಆ ಒರಟುತನದಲ್ಲಿ ಅವನ ಮುಖ ನೋಡಿದರೆ ಇದು ಬರೀ ನಟನೆ ಅನ್ನಿಸಲ್ಲ. ಕುಡುಕನ ಪಾತ್ರವನ್ನ ಕಾಮಿಡಿ ನಟ ಮಾಡಿದರೆ ತೂರಾಡಿ ನಗಿಸ್ತಾನೆ ಅಂತ ನಾವು ಕಾಯ್ತೀವಿ. ಕಾರ್ನಿ ತೂರಾಡಲ್ಲ. ನಾಚಿಕೆ ಪಡ್ತಾನೆ.

ರಂಗಭೂಮಿಗೆ ಅವನು ಬಂದದ್ದು ತಡವಾಗಿ. 1957ರಲ್ಲಿ ಬ್ರಾಡ್‌ವೇಯಲ್ಲಿ ದಿ ರೋಪ್ ಡ್ಯಾನ್ಸರ್ಸ್ ಅನ್ನೋ ಗಂಭೀರ ನಾಟಕ. ಟೀವಿಯ ಚರಂಡಿ ಕೆಲಸಗಾರನನ್ನ ನೋಡೋಕೆ ಬಂದವರಿಗೆ ಬೇರೆಯೇ ಮನುಷ್ಯ ಕಂಡ. 1961ರ ಕೊನೆಯಲ್ಲಿ ಶುರುವಾದ ಟೇಕ್ ಹರ್, ಶೀಸ್ ಮೈನ್ ನಾಟಕದಲ್ಲಿ ಕಾಲೇಜಿಗೆ ಹೋದ ಮಗಳ ಬಗ್ಗೆ ಚಡಪಡಿಸೋ ಅಪ್ಪ. ಅದು 400ಕ್ಕಿಂತ ಹೆಚ್ಚು ಪ್ರದರ್ಶನ ಓಡಿತು.

ಆಮೇಲೆ ದಿ ಆಡ್ ಕಪಲ್. ನೀಲ್ ಸೈಮನ್ ಬರೆದ ನಾಟಕ, ಮೈಕ್ ನಿಕೋಲ್ಸ್ ನಿರ್ದೇಶನ, 1965ರ ಮಾರ್ಚ್ 10ರಂದು ಬ್ರಾಡ್‌ವೇಯಲ್ಲಿ ಶುರು. ಇಬ್ಬರು ಗಂಡಸರು ಒಂದೇ ಫ್ಲ್ಯಾಟಿನಲ್ಲಿ. ಆಸ್ಕರ್ ಗಲೀಜು, ಫೀಲಿಕ್ಸ್ ಅತಿ ಶುಚಿ. ಹಾಸ್ಟೆಲ್ ರೂಮ್‌ಮೇಟ್ ಕಥೆ ಅಂದರೆ ನಿಮಗೆ ಬೇಗ ಅರ್ಥ ಆಗುತ್ತೆ. ಆಸ್ಕರ್ ಆಗಿ ವಾಲ್ಟರ್ ಮ್ಯಾಥೌ, ಫೀಲಿಕ್ಸ್ ಆಗಿ ಕಾರ್ನಿ. ಕಥೆ ಶುರುವಾಗೋದೇ ಫೀಲಿಕ್ಸ್‌ನ ಮದುವೆ ಮುರಿದು, ಅವನು ಹೆಂಡತಿ ಮಕ್ಕಳಿಂದ ದೂರವಾಗಿ, ಸಾಯೋ ಯೋಚನೆಯಲ್ಲಿ ಗೆಳೆಯನ ಮನೆಗೆ ಬರೋದರಿಂದ. ಜನ ಬಿದ್ದು ಬಿದ್ದು ನಕ್ಕರು. ಪತ್ರಿಕೆಗಳು ಹೊಗಳಿದವು. ಟೋನಿ ಪ್ರಶಸ್ತಿ ಮ್ಯಾಥೌಗೆ ಹೋಯ್ತು.

ಅದೇ ವರ್ಷ ಕಾರ್ನಿಯ ಸ್ವಂತ ಮದುವೆ ಮುರೀತು. ಜೀನ್ ಮತ್ತು ಅವನು 1940ರಲ್ಲಿ ಮದುವೆ ಆದವರು, ಮೂವರು ಮಕ್ಕಳು, ಇಪ್ಪತ್ತೈದು ವರ್ಷದ ಸಂಸಾರ. ಯೋಚನೆ ಮಾಡಿ, ಮನೆಯಲ್ಲಿ ಅದು ನಡೀತಿದೆ, ರಾತ್ರಿ ಥಿಯೇಟರಿಗೆ ಬಂದು ಅದೇ ದುಃಖವನ್ನ ಸಾವಿರ ಜನ ನಗೋ ಹಾಗೆ ಆಡಬೇಕು. ನಾಳೆ ಮತ್ತೆ ಆಡಬೇಕು. ಬುಧವಾರ, ಶನಿವಾರ ಬಂದರೆ ಬ್ರಾಡ್‌ವೇಯಲ್ಲಿ ಮಧ್ಯಾಹ್ನವೂ ಒಂದು ಶೋ ಇರುತ್ತೆ. ಅವನು ಮಾಡಿದ, ತಿಂಗಳುಗಟ್ಟಲೆ. ಆಮೇಲೆ ಆಗಲಿಲ್ಲ. ಕುಡಿತ, ಮಾತ್ರೆ, ಖಿನ್ನತೆ ಎಲ್ಲ ಸೇರಿ ಕುಸಿದುಬಿಟ್ಟ. ನಾಟಕ ಬಿಟ್ಟು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿರೋ ಮಾನಸಿಕ ಆಸ್ಪತ್ರೆಗೆ ಸೇರಿದ. ಅಲ್ಲೂ ತಿಂಗಳುಗಳು ಕಳೆದವು.

ನಾಟಕ ಅವನಿಲ್ಲದೆ ಮುಂದುವರೀತು. ಎಡ್ಡಿ ಬ್ರಾಕನ್ ಬಂದು ಫೀಲಿಕ್ಸ್ ಆದ. 1968ರಲ್ಲಿ ಅದು ಸಿನಿಮಾ ಆದಾಗ ಮ್ಯಾಥೌ ಇದ್ದ, ಫೀಲಿಕ್ಸ್ ಪಾತ್ರ ಜ್ಯಾಕ್ ಲೆಮನ್‌ಗೆ ಹೋಯ್ತು. 1970ರಲ್ಲಿ ಟೀವಿ ಧಾರಾವಾಹಿ ಆದಾಗ ಟೋನಿ ರ‍್ಯಾಂಡಲ್‌ಗೆ. ಇವತ್ತು ಫೀಲಿಕ್ಸ್ ಅಂತ ಹುಡುಕಿದರೆ ಈ ಇಬ್ಬರ ಮುಖವೇ ಮೊದಲು ಬರೋದು. ಆ ಪಾತ್ರಕ್ಕೆ ಮೊದಲು ಜೀವ ಕೊಟ್ಟವನನ್ನ ನೋಡಬೇಕು ಅಂದರೆ ಅವನ ನಾಟಕ ಇಡೀ ರೆಕಾರ್ಡ್ ಆದ ಸಿನಿಮಾ ಇಲ್ಲ. ನಾಟಕ ಅಂದರೆ ಅದೇ ಅಲ್ವಾ, ಎಲೆಕ್ಟ್ರಾನಿಕ್ಯಾಮ್ ಇಲ್ಲದ ಕಡೆ ರಾತ್ರಿ ಹನ್ನೊಂದಕ್ಕೆ ಎಲ್ಲ ಮುಗಿದುಹೋಗುತ್ತೆ.

ಆಸ್ಪತ್ರೆಯಿಂದ ಬಂದವನಿಗೆ ಬಾಗಿಲು ತೆರೆದದ್ದು ಹಳೆ ಗೆಳೆಯ. ಗ್ಲೀಸನ್ ಆಗ ಮಯಾಮಿ ಬೀಚಿನಿಂದ ಶೋ ಮಾಡ್ತಿದ್ದ, 1966ರಲ್ಲಿ ಹನಿಮೂನರ್ಸ್ ಮತ್ತೆ ಶುರು ಮಾಡಿ ನಾರ್ಟನ್‌ನನ್ನ ಕರೆಸಿದ. ಟೋಪಿ ಮತ್ತೆ ತಲೆ ಮೇಲೆ, ಎಮ್ಮಿಗಳು ಮತ್ತೆ ಬಂದವು. ಅದೇ ವರ್ಷ ಎರಡನೇ ಮದುವೆಯೂ ಆಯ್ತು. 1969ರಲ್ಲಿ ಐರಿಷ್ ನಾಟಕಕಾರ ಬ್ರಯನ್ ಫ್ರೀಲ್‌ನ ಲವರ್ಸ್ ನಾಟಕಕ್ಕೆ ಟೋನಿ ನಾಮನಿರ್ದೇಶನ ಸಿಕ್ಕಿತು. ಆದರೆ ಕುಡಿತ ಬಿಟ್ಟಿರಲಿಲ್ಲ. ಹೊರಗಿನಿಂದ ನೋಡಿದರೆ, ಐವತ್ತು ದಾಟಿದ, ಹೊಸದೇನೂ ಇಲ್ಲದ ಒಬ್ಬ ಹಳೆ ಟೀವಿ ನಟ.

ಆಗ ಪಾಲ್ ಮಝುರ್ಸ್ಕಿ ಅನ್ನೋ ನಿರ್ದೇಶಕ ಹ್ಯಾರಿ ಅಂಡ್ ಟೋಂಟೋ ಸಿನಿಮಾಗೆ ಒಬ್ಬ ಮುದುಕನನ್ನ ಹುಡುಕ್ತಿದ್ದ. 72 ವರ್ಷದ ಹ್ಯಾರಿ ನಿವೃತ್ತ ಮೇಷ್ಟ್ರು. ನ್ಯೂಯಾರ್ಕಿನಲ್ಲಿ ಅವನಿರೋ ಕಟ್ಟಡವನ್ನ ಪಾರ್ಕಿಂಗ್ ಜಾಗಕ್ಕೋಸ್ಕರ ಕೆಡವ್ತಾರೆ. ಹೆಂಡತಿ ತೀರಿಕೊಂಡಿದ್ದಾಳೆ, ಜೊತೆಗೆ ಇರೋದು ಟೋಂಟೋ ಅನ್ನೋ ಬೆಕ್ಕು. ಒಬ್ಬೊಬ್ಬ ಮಗನ, ಮಗಳ ಮನೆಗೆ ಹೋಗ್ತಾ, ಎಲ್ಲೂ ನಿಲ್ಲದೆ, ಬೆಕ್ಕನ್ನ ಕಂಕುಳಲ್ಲಿಟ್ಟುಕೊಂಡು ಅಮೆರಿಕವನ್ನ ಪೂರ್ವದಿಂದ ಪಶ್ಚಿಮಕ್ಕೆ ದಾಟ್ತಾನೆ. ವಿಮಾನ ನಿಲ್ದಾಣದಲ್ಲಿ ಬೆಕ್ಕಿನ ಡಬ್ಬಿ ತಪಾಸಣೆಗೆ ಕೊಡು ಅಂದಾಗ ಕೊಡಲ್ಲ, ವಿಮಾನವನ್ನೇ ಬಿಡ್ತಾನೆ. ಬಸ್ಸೂ ಬಿಡ್ತಾನೆ. ಕೊನೆಗೆ ಹಳೆ ಕಾರೊಂದನ್ನ ತಗೊಂಡು ಹೊರಡ್ತಾನೆ.

ಕಾರ್ನಿಗೆ ಆಗ 55. ಈ ಪಾತ್ರಕ್ಕೆ ನನಗೆ ವಯಸ್ಸು ಸಾಲದು ಅಂತ ಮೊದಲು ಹಿಂಜರಿದ. ಬೆಕ್ಕುಗಳೂ ಅವನಿಗೆ ಅಷ್ಟಕ್ಕಷ್ಟೆ. ಒಪ್ಪಿಕೊಂಡ ಮೇಲೆ ಮೀಸೆ ಬೆಳೆಸಿದ, ಕೂದಲು ಬೆಳ್ಳಗೆ ಮಾಡಿಕೊಂಡ. ಇನ್ನೊಂದು ಕೆಲಸ ಮಾಡಿದ, ಅಥವಾ ಮಾಡೋದನ್ನ ನಿಲ್ಲಿಸಿದ. ಕುಂಟನ್ನ ಮುಚ್ಚಲಿಲ್ಲ. 1944ರಿಂದ ಹೊತ್ತು ತಂದ ಕಾಲನ್ನ ಮೊದಲ ಸಲ ಹಾಗೆಹಾಗೇ ಕ್ಯಾಮೆರಾ ಮುಂದೆ ನಡೆಸಿದ. ನೋಡಿದವರು ಮುದುಕನ ನಡಿಗೆ ಎಷ್ಟು ಸಹಜವಾಗಿ ಬಂದಿದೆ ಅಂದುಕೊಂಡರೆ ತಪ್ಪಿಲ್ಲ. ಕುಡಿತ ಬಿಡೋ ಹೋರಾಟಕ್ಕೂ ಅವನು ನಿಜವಾಗಿ ಇಳಿದದ್ದು ಈ ದಿನಗಳಲ್ಲೇ, ಈ ಸಲ ಗೆದ್ದ.

1975ರ ಏಪ್ರಿಲ್ 8ರ ಆಸ್ಕರ್ ರಾತ್ರಿಯ ಪಟ್ಟಿ ನೋಡಿದರೆ ತಲೆ ತಿರುಗುತ್ತೆ. ಅತ್ಯುತ್ತಮ ನಟ ವಿಭಾಗದಲ್ಲಿ ಚೈನಾಟೌನ್‌ಗೆ ಜ್ಯಾಕ್ ನಿಕಲ್ಸನ್, ಗಾಡ್‌ಫಾದರ್ ಎರಡನೇ ಭಾಗಕ್ಕೆ ಆಲ್ ಪಚೀನೋ, ಲೆನ್ನಿಗೆ ಡಸ್ಟಿನ್ ಹಾಫ್‌ಮನ್, ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್‌ಗೆ ಆಲ್ಬರ್ಟ್ ಫಿನ್ನಿ. ಐದನೆಯವನು ಆರ್ಟ್ ಕಾರ್ನಿ. ಗೆದ್ದವನು ಆರ್ಟ್ ಕಾರ್ನಿ.

ಇದು ಆಸ್ಕರ್ ಮಾಡಿದ ದೊಡ್ಡ ಅನ್ಯಾಯ, ಪಚೀನೋಗೆ ಬರಬೇಕಿತ್ತು ಅಂತ ಸಿನಿಮಾ ಹುಚ್ಚಿನವರು ಇವತ್ತಿಗೂ ಜಗಳ ಆಡ್ತಾರೆ. ನಮ್ಮ ಹಾಸ್ಟೆಲ್ಲಿನಲ್ಲೂ ಆ ಪಾರ್ಟಿಯವರಿದ್ದಾರೆ, ಮೊಬೈಲ್ ವಾಲ್‌ಪೇಪರಿನಲ್ಲೇ ಗೊತ್ತಾಗುತ್ತೆ. ಗಾಡ್‌ಫಾದರ್ ನನಗೂ ಇಷ್ಟ. ಆದರೆ ಅವರಲ್ಲಿ ಎಷ್ಟು ಜನ ಹ್ಯಾರಿ ಅಂಡ್ ಟೋಂಟೋ ನೋಡಿ ಈ ಮಾತು ಹೇಳ್ತಿದ್ದಾರೆ ಅನ್ನೋದು ನನ್ನ ಅನುಮಾನ. ಸಿನಿಮಾ ಕೊನೆಯ ಹತ್ತಿರ ಬೆಕ್ಕಿಗೆ ಕಾಯಿಲೆ ಆಗಿ ಪಶು ಆಸ್ಪತ್ರೆಯ ಪಂಜರದಲ್ಲಿ ಮಲಗಿರುತ್ತೆ. ಹ್ಯಾರಿ ಅದರ ಹತ್ತಿರ ನಿಂತು ಒಂದು ಹಳೇ ಹಾಡು ಗುನುಗ್ತಾನೆ, ವಿದಾಯ ಹೇಳಿ ಹೋಗ್ತಾನೆ. ಅಳಲ್ಲ, ಮುಖ ಹಿಂಡಲ್ಲ. ಹತ್ತಿಪ್ಪತ್ತು ವರ್ಷ ಸಹಿ ಹಾಕೋಕೂ ಅಷ್ಟೊಂದು ಕೈ ಆಡಿಸಿದ ಮನುಷ್ಯ ಇಲ್ಲಿ ಏನನ್ನೂ ಆಡಿಸಲ್ಲ. ನನ್ನ ವೋಟು ಕಾರ್ನಿಗೆ.

ಅಲ್ಲಿಂದ ಮುಂದಿನ ಕೆಲವು ವರ್ಷ ಅವನ ಹೆಸರು ಪೋಸ್ಟರಿನಲ್ಲಿ ಮೇಲೆ ಬಂತು. 1977ರ ದಿ ಲೇಟ್ ಶೋನಲ್ಲಿ ವಯಸ್ಸಾದ, ಕಾಲು ನೋವಿನ ಖಾಸಗಿ ಪತ್ತೇದಾರ. ಅದಕ್ಕೆ ಅಮೆರಿಕದ ರಾಷ್ಟ್ರೀಯ ಸಿನಿಮಾ ವಿಮರ್ಶಕರ ಸಂಘದ ಅತ್ಯುತ್ತಮ ನಟ ಪ್ರಶಸ್ತಿ. 1979ರ ಗೋಯಿಂಗ್ ಇನ್ ಸ್ಟೈಲ್‌ನಲ್ಲಿ ಬೇಜಾರು ಕಳೆಯೋಕೆ ಬ್ಯಾಂಕ್ ದರೋಡೆ ಮಾಡೋ ಮೂವರು ಮುದುಕರಲ್ಲಿ ಒಬ್ಬ. ಮಧ್ಯೆ 1978ರಲ್ಲಿ ಸ್ಟಾರ್ ವಾರ್ಸ್ ಹಾಲಿಡೇ ಸ್ಪೆಷಲ್ ಅನ್ನೋ ಟೀವಿ ಕಾರ್ಯಕ್ರಮದಲ್ಲಿ ಸಾನ್ ಡ್ಯಾನ್ ಅನ್ನೋ ವ್ಯಾಪಾರಿಯಾಗಿಯೂ ಬಂದ. ಸ್ಟಾರ್ ವಾರ್ಸ್ ಅಭಿಮಾನಿಗಳು ಈ ಕಾರ್ಯಕ್ರಮ ಇಲ್ಲವೇ ಇಲ್ಲ ಅನ್ನೋ ಹಾಗೆ ನಡ್ಕೊಳ್ತಾರೆ. ನೋಡಿದರೆ ಯಾಕೆ ಅಂತ ಗೊತ್ತಾಗುತ್ತೆ. ಅಷ್ಟು ಕೆಟ್ಟದರಲ್ಲೂ ಕೆಲಸವನ್ನ ಕೆಲಸದ ಹಾಗೆ ಮಾಡಿದವನು ಇವನೊಬ್ಬನೇ ಅನ್ನಿಸಿತು.

ಎರಡನೇ ಮದುವೆ 1977ರಲ್ಲಿ ಮುಗಿದಿತ್ತು. 1980ರಲ್ಲಿ ಕಾರ್ನಿ ಮತ್ತೆ ಮದುವೆ ಆದ. ವಧು ಜೀನ್, ಅದೇ ಜೀನ್. ಹದಿನೈದು ವರ್ಷದ ಹಿಂದೆ ಕಳಕೊಂಡ ಸಂಸಾರವನ್ನ ಫೀಲಿಕ್ಸ್‌ಗೆ ನಾಟಕದಲ್ಲಿ ವಾಪಸ್ ಪಡೆಯೋಕೆ ಆಗಲಿಲ್ಲ, ಫೀಲಿಕ್ಸ್ ಆಡಿದವನಿಗೆ ಆಯ್ತು.

1984ರಲ್ಲಿ ಟೆರಿಬಲ್ ಜೋ ಮೊರಾನ್ ಟೀವಿ ಚಿತ್ರಕ್ಕೆ ಇನ್ನೊಂದು ಎಮ್ಮಿ ಬಂತು. ಅದರಲ್ಲಿ ಅವನು ಮತ್ತೆ ಪಕ್ಕದ ಪಾತ್ರ, ಮುಖ್ಯ ಪಾತ್ರ ಜೇಮ್ಸ್ ಕ್ಯಾಗ್ನಿಯದು, ಅದೇ ಕ್ಯಾಗ್ನಿಯ ಕೊನೆಯ ನಟನೆ. 1985ರಲ್ಲಿ ಇಝಿ ಅಂಡ್ ಮೋ ಅನ್ನೋ ಟೀವಿ ಚಿತ್ರದಲ್ಲಿ ಗ್ಲೀಸನ್ ಮತ್ತು ಕಾರ್ನಿ ಕೊನೆಯ ಸಲ ಜೊತೆಯಾದರು. ಅದರಲ್ಲಿ ಇಬ್ಬರೂ ಅಮೆರಿಕದ ಪಾನನಿಷೇಧದ ಕಾಲದ ಅಧಿಕಾರಿಗಳು, ಕಳ್ಳ ಹೆಂಡ ಹಿಡಿಯೋದು ಅವರ ಕೆಲಸ. ಇದನ್ನ ಒಪ್ಪಿಕೊಂಡಾಗ ಕಾರ್ನಿ ಒಳಗೊಳಗೇ ನಕ್ಕಿರಬೇಕು. ಗ್ಲೀಸನ್ 1987ರಲ್ಲಿ ತೀರಿಕೊಂಡ. 1993ರ ಲಾಸ್ಟ್ ಆಕ್ಷನ್ ಹೀರೋದಲ್ಲಿ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಜೊತೆ ಒಂದು ಸಣ್ಣ ಪಾತ್ರ ಮಾಡಿ ಕಾರ್ನಿ ಸಿನಿಮಾ ನಿಲ್ಲಿಸಿದ. 2003ರ ನವೆಂಬರ್ 9ರಂದು, 85 ತುಂಬಿದ ಐದೇ ದಿನಕ್ಕೆ, ಕನೆಕ್ಟಿಕಟ್‌ನ ಚೆಸ್ಟರ್ ಅನ್ನೋ ಸಣ್ಣ ಊರಲ್ಲಿ ಹೋಗಿಬಿಟ್ಟ.

ನೋಡೋದಾದರೆ ಮೊದಲು ಹನಿಮೂನರ್ಸ್‌ನ ಕ್ವಿಜ್ ಕಂತು ನೋಡಿ, ದಿ 99,000 ಡಾಲರ್ ಆನ್ಸರ್ ಅಂತ ಹೆಸರು, ಅರ್ಧ ಗಂಟೆಯೂ ಇಲ್ಲ. ರಾಲ್ಫ್ ಒಂದು ಟೀವಿ ಕ್ವಿಜ್‌ಗೆ ಆಯ್ಕೆ ಆಗಿ, ಜನಪ್ರಿಯ ಹಾಡುಗಳ ಬಗ್ಗೆ ಪರೀಕ್ಷೆಗೆ ಓದೋ ಹಾಗೆ ಓದ್ತಾನೆ. ನಾರ್ಟನ್ ಪಿಯಾನೋದಲ್ಲಿ ಹಾಡು ನುಡಿಸಿ ಅಭ್ಯಾಸ ಮಾಡಿಸಬೇಕು. ಆದರೆ ನಾರ್ಟನ್ ಪ್ರತಿ ಹಾಡಿಗೂ ಮುಂಚೆ ಕೈ ಬಿಸಿ ಮಾಡಿಕೊಳ್ಳೋಕೆ ಅಂತ ಸ್ವಾನೀ ರಿವರ್ ಅನ್ನೋ ಹಳೆ ಹಾಡಿನ ಶುರುವನ್ನ ನುಡಿಸ್ತಾನೆ. ಪ್ರತಿ ಸಲ. ರಾಲ್ಫ್ ಹುಚ್ಚನಾಗೋವರೆಗೆ. ಕೊನೆಗೆ ಕ್ವಿಜ್‌ನಲ್ಲಿ ಮೊದಲ ಪ್ರಶ್ನೆಯಾಗಿ ಅದೇ ಹಾಡು ಬರುತ್ತೆ, ಇದನ್ನ ಬರೆದವರು ಯಾರು ಅಂತ. ಎಲ್ಲಾ ಓದಿಕೊಂಡು ಬಂದಿರೋ ರಾಲ್ಫ್‌ಗೆ ಆ ಕ್ಷಣಕ್ಕೆ ತಲೆಯಲ್ಲಿ ಹೊಳೆಯೋದು ಒಂದೇ ಹೆಸರು, ಎಡ್ ನಾರ್ಟನ್. ವೈವಾಗೆ ಹಿಂದಿನ ರಾತ್ರಿ ನೋಡಬೇಡಿ.